ಮೂರನೆಯ ಪತ್ರ

"ಮೂರು ಪತ್ರ ಬೇಕಂತೆ ಸಾರ್. ಎರಡು ಸಿಕ್ಕಿದೆಯಂತೆ. ಮೂರನೇದು ನೀವೇ ಬರೀಬೇಕಂತೆ."

ಬೇಲಿಯ ಆಚೆಯಿಂದ ರಾಯರು ಹೀಗೆ ಕೂಗಿದಾಗ ನಾನು ಉದ್ದ ಕೋಲು ಹಿಡಿದು ನುಗ್ಗೆಮರದ ಕಂಬಳಿಹುಳು ಕೆಡವುವುದರಲ್ಲಿದ್ದೆ. ಮರ ಅವರದು, ಕೊಂಬೆ ನಮ್ಮ ಕಡೆಗೆ, ಕಾಯಿ ಅರ್ಧರ್ಧ. ಕಂಬಳಿಹುಳು ಮಾತ್ರ ಪೂರ್ತಿ ನಮ್ಮದು. ಸರಸ್ವತಿಪುರಂನ ಈ ಬೇಲಿಯ ಮೇಲೆ ಇಪ್ಪತ್ತಾರು ವರ್ಷಗಳಿಂದ ನಡೆದುಬಂದಿರುವ ಒಪ್ಪಂದವಿದು.

"ಯಾರಿಗೆ ಪತ್ರ?" ಎಂದೆ.

"ಅಮೆರಿಕಕ್ಕೆ. ಪುಟ್ಟಿ ಪಿಎಚ್.ಡಿ.ಗೆ ಅರ್ಜಿ ಹಾಕ್ತಾಳಂತೆ." ಪುಟ್ಟಿ ಅವರ ಮಗಳು. ಆಮೇಲೆ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಗಣಿತದಲ್ಲಿ."

ಮನೆಯಲ್ಲಿ ಯಾರಿಗೋ ಹೊರಗೆ ಹೇಳಿಕೊಳ್ಳಲಾಗದ ಕಾಯಿಲೆ ಬಂದಿದೆ ಎನ್ನುವ ಧಾಟಿ ಅದು. ಕಂಪ್ಯೂಟರ್ ಆಗಿದ್ದರೆ ರಾಯರ ದನಿ ಬಸ್ ಸ್ಟಾಂಡಿನವರೆಗೂ ಕೇಳಿಸುತ್ತಿತ್ತು. ಮೂವತ್ತೊಂದು ವರ್ಷ ಗಣಿತ ಪಾಠ ಹೇಳಿ ನಿವೃತ್ತನಾದವನ ಎದುರಿಗೇ ಹೀಗೆ ಮಾತಾಡುತ್ತಾರಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಕಂಬಳಿಹುಳು ಕೆಡವುತ್ತ ನಿಂತಿರುವ ಗಣಿತ ಮೇಷ್ಟ್ರನ್ನು ದಿನಾ ನೋಡುವವರು ಇನ್ನೇನು ತಾನೇ ಅಂದುಕೊಳ್ಳಬೇಕು?

ರಾಯರು ವಿದ್ಯುತ್ ಮಂಡಳಿಯಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದವರು. ಅವರಿಗೆ ನಿದ್ದೆ ಕೆಡಿಸಿದ್ದು ಪತ್ರವಲ್ಲ, ಫೀಸು. "ಒಂದೊಂದು ಯೂನಿವರ್ಸಿಟಿಗೂ ಅರ್ಜಿ ಹಾಕೋಕೇ 75 ಡಾಲರ್, 100 ಡಾಲರ್, ಕೆಲವು ಕಡೆ 125. ಹತ್ತು ಕಡೆ ಹಾಕ್ತಾಳಂತೆ. ಲಕ್ಷದ ಹತ್ತಿರ ಬಂತು. ಸೇರಿಸ್ಕೊಳ್ಳೋಕಲ್ಲ ಸಾರ್, ಬೇಡ ಅನ್ನಿಸ್ಕೊಳ್ಳೋಕೆ!"

"ಸೇರಿದ ಮೇಲೆ ನೀವು ಒಂದು ಕಾಸೂ ಕಟ್ಟೋ ಹಾಗಿಲ್ಲ ರಾಯರೇ. ಅವರೇ ಕೊಡ್ತಾರೆ."

ರಾಯರು ನನ್ನನ್ನು ನೋಡಿದ ನೋಟದಲ್ಲಿ ಕರುಣೆಯಿತ್ತು. ಎಲ್‌ಕೆಜಿಗೇ ಡೊನೇಷನ್ ಕಟ್ಟಿದ ಮನುಷ್ಯ. ಓದುವವರಿಗೆ ಸಂಬಳ ಎಂದರೆ ನಂಬುವುದು ಹೇಗೆ? ಬಿಡಿಸಿ ಹೇಳಬೇಕಾಯಿತು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಕಾಲಿಟ್ಟ ಮಕ್ಕಳಲ್ಲಿ ಎಂಜಿನಿಯರಾಗುವವನು, ಡಾಕ್ಟರಾಗುವವಳು, ಅರ್ಥಶಾಸ್ತ್ರ ಓದುವವನು, ಬಹುಪಾಲು ಎಲ್ಲರೂ ಕ್ಯಾಲ್ಕುಲಸ್ ಎಂಬ ಹೆಬ್ಬಾಗಿಲಲ್ಲೇ ನುಗ್ಗಬೇಕು. ನೂರಾರು ಮಕ್ಕಳಿಗೆ ಅಭ್ಯಾಸ ಮಾಡಿಸಬೇಕು, ಉತ್ತರಪತ್ರಿಕೆ ತಿದ್ದಬೇಕು, ಅದೇ ಪ್ರಶ್ನೆಗೆ ಹದಿನೇಳನೇ ಸಲ ಮುಖ ಸಿಂಡರಿಸದೆ ಉತ್ತರ ಹೇಳಬೇಕು. ಪ್ರೊಫೆಸರುಗಳು ಅಷ್ಟು ಮಂದಿ ಇಲ್ಲ, ಇದ್ದರೂ ಆ ಕೆಲಸ ಮಾಡುವ ಪೈಕಿಯಲ್ಲ. ಅದಕ್ಕೇ ಪಿಎಚ್.ಡಿ. ಮಕ್ಕಳನ್ನು ಟೀಚಿಂಗ್ ಅಸಿಸ್ಟೆಂಟ್ ಎಂದು ಇಟ್ಟುಕೊಂಡು, ಬೋಧನಾ ಶುಲ್ಕ ಮನ್ನಾ ಮಾಡಿ, ಊಟ ಬಾಡಿಗೆಗೆ ಆಗುವಷ್ಟು ಕೊಡುವುದು. ಎಂ.ಎಸ್.ಗೆ ಹೋದರೆ ಸಾಮಾನ್ಯವಾಗಿ ಈ ಭಾಗ್ಯವಿಲ್ಲ. ಗಣಿತದವರಲ್ಲಿ ಬಿ.ಎಸ್ಸಿ. ಮುಗಿಸಿದವರೂ ನೇರವಾಗಿ ಪಿಎಚ್.ಡಿ.ಗೇ ಗಾಳ ಹಾಕುವುದು ಇದಕ್ಕೇ. ಐದಾರು ವರ್ಷದ ವ್ಯವಹಾರ. ಮೊದಲ ಎರಡು ವರ್ಷ ಮತ್ತೆ ಪಾಠ, ಮತ್ತೆ ಪರೀಕ್ಷೆ.

"ಅಂದ್ರೆ ಟ್ಯೂಷನ್ ಹೇಳೋ ಕೆಲಸ."

"ಒಂದು ಲೆಕ್ಕಕ್ಕೆ ಹೌದು."

"ಅದಕ್ಕೆ ಅಮೆರಿಕ ಯಾಕೆ ಸಾರ್? ಕುವೆಂಪುನಗರದಲ್ಲೇ ಹೇಳಬಹುದಲ್ಲ."

ಇಲ್ಲೇ ಓದುವ ದಾರಿಗಳೂ ಇವೆ, ಪುಟ್ಟಿ ಅವನ್ನೂ ಬಿಟ್ಟಿಲ್ಲ. ಡಿಸೆಂಬರಿನಲ್ಲಿ ಟಿಐಎಫ್‌ಆರ್ ಪರೀಕ್ಷೆ. ಫೆಬ್ರವರಿಯಲ್ಲಿ ಐಐಟಿಗಳು ನಡೆಸುವ ಜಾಮ್ ಎಂಬುದೊಂದು. ಬಿ.ಎಸ್ಸಿ. ಆದವರು ಐಐಟಿಗಳ ಎಂ.ಎಸ್ಸಿ.ಗೂ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಬರೆಯುವುದು ಅದನ್ನೇ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಎರಡು ವರ್ಷದ ಹಿಂದೆ ಅವಳು ಅದನ್ನು ಬರೆದಿದ್ದ ದಿನ ಜ್ವರ, ಆ ಕಥೆ ಬೇಡ. ಇನ್ನು ಐಎಸ್‌ಐ, ಅಂದರೆ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಬೆಂಗಳೂರು ಕೇಂದ್ರ. ನಾವು ಮೈಸೂರಿನವರು ಬೆಂಗಳೂರಿಗೆ ಹೋಗುವಾಗ ಬಸ್ಸು ಕೆಂಗೇರಿ ದಾಟಿದ ಮೇಲೆ, ಇಳಿಯಲು ಚೀಲ ಹುಡುಕುವ ಗಡಿಬಿಡಿಯಲ್ಲಿ, ಅದರ ಗೇಟನ್ನು ಎಷ್ಟು ಸಲ ನೋಡದೆ ದಾಟಿದ್ದೇವೋ! ದೇಶದ ಅತಿ ಕಷ್ಟದ ಗಣಿತ ಪ್ರವೇಶ ಪರೀಕ್ಷೆಗಳಲ್ಲೊಂದು ಆ ಗೇಟಿನದು.

ರಾಯರಿಗೆ ಟಾಟಾಗಳದೇ ಗೊಂದಲ. ಬೆಂಗಳೂರಿನ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದು 1909ರ ಐಐಎಸ್‌ಸಿಗೆ. ಹೆಸರಿನಲ್ಲೇ ಟಾಟಾ ಇರುವ ಟಿಐಎಫ್‌ಆರ್ ಇರುವುದು ಮುಂಬಯಿಯಲ್ಲಿ. ಅದು 1945ರಲ್ಲಿ ಕಣ್ಣು ಬಿಟ್ಟದ್ದು ಮಾತ್ರ ಬೆಂಗಳೂರಿನಲ್ಲೇ, ಐಐಎಸ್‌ಸಿಯ ಅಂಗಳದಲ್ಲಿ, ಅದೇ ವರ್ಷ ಬೊಂಬಾಯಿಗೆ ಹೊರಟುಹೋಯಿತು. ಈಗ ಅದರದೇ ಗಣಿತ ಕೇಂದ್ರವೊಂದು ಯಲಹಂಕದಲ್ಲಿದೆ. "ಹಾಗಾದ್ರೆ ಯಲಹಂಕಕ್ಕೆ ಅರ್ಜಿ ಬೊಂಬಾಯಿಗೆ ಹಾಕ್ಬೇಕು, ಟಾಟಾ ಅಂತ ಬಸ್ಸಿಳಿದ್ರೆ ಅದು ಬೇರೇನೇ" ಎಂದರು ರಾಯರು. ಸರಿಯಾಗೇ ಹೇಳಿದರು.

ನಮ್ಮ ಕಡೆಯ ಪದ್ಧತಿಯಲ್ಲಿ ಪರೀಕ್ಷೆ ಮೊದಲು, ಸಂದರ್ಶನ ಆಮೇಲೆ. ನಮ್ಮ ಮಕ್ಕಳು ಮುಗ್ಗರಿಸುವುದು ಸಂದರ್ಶನದಲ್ಲಿ. ಸಂದರ್ಶಕರು ಬಲೆ ಬೀಸುವುದೇ ನಯವಾಗಿ, "ನಿನಗೆ ಯಾವ ವಿಷಯ ಇಷ್ಟಮ್ಮಾ?" ಅಂತ. ಅನಾಲಿಸಿಸ್ ಎನ್ನುತ್ತಾಳೆ ಹುಡುಗಿ. ಅವಿಚ್ಛಿನ್ನ ಫಲನದ ವ್ಯಾಖ್ಯೆ ಕೇಳಿದರೆ ವಿಷ್ಣು ಸಹಸ್ರನಾಮದ ಹಾಗೆ ಒಪ್ಪಿಸುತ್ತಾಳೆ. "ಅವಿಚ್ಛಿನ್ನವಾಗಿದ್ದೂ ಏಕರೂಪವಾಗಿ ಅವಿಚ್ಛಿನ್ನವಲ್ಲದ್ದು ಒಂದು ಹೇಳು" ಎಂದರೆ ಕೋಣೆ ನಿಶ್ಶಬ್ದ. ಸಂಖ್ಯೆಯ ವರ್ಗ ಸಾಕಿತ್ತು ಉತ್ತರಕ್ಕೆ. ಆದರೆ ಉದಾಹರಣೆ ಕೊಡು ಎಂದು ನಾವು ಯಾರೂ ಪರೀಕ್ಷೆಯಲ್ಲಿ ಕೇಳಿರಲಿಲ್ಲ. ಹತ್ತು ಅಂಕಕ್ಕೆ ಪ್ರಮೇಯ, ಐದು ಅಂಕಕ್ಕೆ ಲೆಕ್ಕ, ಹೀಗೇ ಮೂವತ್ತೊಂದು ವರ್ಷ ಕಳೆದವನು ನಾನು.

ಅಮೆರಿಕದವರು ಪರೀಕ್ಷೆಯನ್ನು ಪೂರ್ತಿ ಬಿಟ್ಟಿಲ್ಲ. ಜಿಆರ್‌ಇಯ ಗಣಿತ ಪತ್ರಿಕೆ ಇದೆ, 66 ಪ್ರಶ್ನೆ, ಎರಡು ಗಂಟೆ ಐವತ್ತು ನಿಮಿಷ. ಕೊರೊನಾ ಬಂದ ಮೇಲೆ ಹಲವು ಕಡೆ ಅದು ಬೇಕಿದ್ದರೆ ಕೊಡಿ, ಬೇಡದಿದ್ದರೆ ಬಿಡಿ ಎಂಬಂತಾಗಿದೆ. ಹಾಗಾಗಿ ಪೂರ್ತಿ ಭಾರ ಬಿದ್ದಿರುವುದು ಮೂರು ಕಾಗದಗಳ ಮೇಲೆ: ಅಂಕಪಟ್ಟಿ, ತನ್ನ ಬಗ್ಗೆ ತಾನು ಬರೆದುಕೊಳ್ಳುವ ಪುಟ, ಇನ್ನೊಬ್ಬರು ಬರೆಯುವ ಪತ್ರ.

ತನ್ನ ಬಗ್ಗೆ ಬರೆದುಕೊಳ್ಳುವ ಪುಟವನ್ನು ಪುಟ್ಟಿ ಒಂದು ಸಂಜೆ ತಂದು ತೋರಿಸಿದಳು. 'ಬಾಲ್ಯದಿಂದಲೂ ನನಗೆ ಗಣಿತವೆಂದರೆ ಅಪಾರ ಪ್ರೀತಿ' ಎಂದು ಶುರುವಾಗಿತ್ತು. ಕೆಂಪು ಪೆನ್ನಿಗೆ ಕೈ ಹೋಯಿತು, ಹಳೆ ಚಾಳಿ. ಬಾಲ್ಯದಿಂದ ಪ್ರೀತಿ ಇಲ್ಲದವನು ಯಾರಮ್ಮ ಅರ್ಜಿ ಹಾಕುತ್ತಾನೆ? ಆಯ್ಕೆ ಸಮಿತಿಯವರು ಇನ್ನೂರು ಬಾಲ್ಯ ಓದಿ ಸುಸ್ತಾಗಿರುತ್ತಾರೆ. ರಾಯರು ಬೇಲಿಯಾಚೆಯಿಂದ, "ರಾಮಾನುಜನ್ ಹೆಸರು ಹಾಕು ಪುಟ್ಟಿ, ಅವರಿಗೆ ಗೊತ್ತಿರತ್ತೆ" ಎಂದು ಸಲಹೆ ಕೊಟ್ಟರು.

ಹೆಸರು ಬೇಡ, ಆ ಮನುಷ್ಯ ಅರ್ಜಿ ಹಾಕಿದ ರೀತಿ ನೋಡಬೇಕು. 1913ರ ಜನವರಿ 16ರಂದು ಮದರಾಸಿನಿಂದ ಕೇಂಬ್ರಿಜ್‌ನ ಹಾರ್ಡಿಗೆ ಬರೆದ ಕಾಗದದಲ್ಲಿ ರಾಮಾನುಜನ್ ಮೊದಲು ಹೇಳಿಕೊಂಡದ್ದು ಉದ್ಯೋಗ ಮತ್ತು ಸಂಬಳ: ಬಂದರಿನ ಕಚೇರಿಯಲ್ಲಿ ಗುಮಾಸ್ತ, ವರ್ಷಕ್ಕೆ 20 ಪೌಂಡು. ಆಮೇಲೆ ವಿಶ್ವವಿದ್ಯಾಲಯದ ಓದಿಲ್ಲ ಎಂಬ ಒಪ್ಪಿಗೆ. ಆಮೇಲೆ ಪುಟಗಟ್ಟಲೆ ಪ್ರಮೇಯಗಳು. ಬಾಲ್ಯದ ಸುದ್ದಿಯಿಲ್ಲ. ಹಾರ್ಡಿಗೆ ಮುಂಚೆ ಕೇಂಬ್ರಿಜ್‌ನ ಇನ್ನಿಬ್ಬರಿಗೆ, ಬೇಕರ್ ಮತ್ತು ಹಾಬ್ಸನ್‌ಗೆ, ಬರೆದು ಪ್ರಯೋಜನವಾಗಿರಲಿಲ್ಲ. ಮೂರನೆಯವನು ಕಾಗದವನ್ನು ಎತ್ತಿಡದೆ ಓದಿದ. 1914ರ ಮಾರ್ಚಿನಲ್ಲಿ ಹಡಗು ಹತ್ತಿಸಿದ್ದು ಆ ಓದು. ಎಫ್.ಎ. ಪಾಸಾಗದವನಿಗೆ ಕೇಂಬ್ರಿಜ್ 1916ರಲ್ಲಿ ಸಂಶೋಧನೆಯ ಮೇಲೆ ಬಿ.ಎ. ಪದವಿ ಕೊಟ್ಟಿತು.

ಒಂದು ತಮಾಷೆ ಉಂಟು. ಆ ಕಾಗದದಲ್ಲಿ ತನಗೆ ಸುಮಾರು 23 ವರ್ಷ ಎಂದಿದ್ದಾರೆ. ಹುಟ್ಟಿದ್ದು 1887ರ ಡಿಸೆಂಬರಿನಲ್ಲಿ, ಲೆಕ್ಕ ಹಾಕಿದರೆ ತುಂಬಿದ್ದು 25. ಸಂಖ್ಯೆಗಳ ಜೊತೆ ಸಂಸಾರ ಮಾಡಿದವರೂ ತಮ್ಮ ವಯಸ್ಸಿನ ವಿಷಯದಲ್ಲಿ ನಮ್ಮ ಹಾಗೇ. ನನಗೂ ಎರಡು ಜನ್ಮದಿನ, ಒಂದು ಅಮ್ಮ ಹೇಳಿದ್ದು, ಇನ್ನೊಂದು ಸ್ಕೂಲಿನ ಹೆಡ್‌ಮಾಸ್ಟರು ದಯಪಾಲಿಸಿದ್ದು.

"ಫೀಸು ಕಟ್ಟಿದ್ದರಾ?" ಎಂದರು ರಾಯರು.

"ಅಂಚೆಚೀಟಿ ಅಷ್ಟೆ."

"ಅದೇ ಮತ್ತೆ!"

ಇನ್ನು ನನ್ನ ಪಾಲಿನ ಪತ್ರ. ಸೇವೆಯಲ್ಲಿದ್ದಾಗ ನಾನು ಬರೆದ ಶಿಫಾರಸು ಪತ್ರಗಳಿಗೆ ಲೆಕ್ಕವಿಲ್ಲ, ಆದರೆ ನಿಜವಾಗಿ ಬರೆದದ್ದು ಒಂದೇ. ಮಿಕ್ಕವು ಅದರ ನಕಲು. ಈತ ಶ್ರದ್ಧಾವಂತ, ಪರಿಶ್ರಮಿ, ವಿಧೇಯ, ಉತ್ತಮ ನಡತೆಯುಳ್ಳವನು, ಉಜ್ವಲ ಭವಿಷ್ಯ ಹಾರೈಸುತ್ತೇನೆ. ಹೆಸರು ಬದಲಾಯಿಸಿದರೆ ಆಯಿತು. ಒಂದು ಸಲ ಹುಡುಗಿಯೊಬ್ಬಳ ಪತ್ರದಲ್ಲಿ ನಡುವೆ ಒಂದೆಡೆ 'ಅವನು' ಉಳಿದುಹೋಗಿ ಅವಳು ವಾಪಸು ತಂದಿದ್ದಳು. ಆಮೇಲಿನ ವರ್ಷಗಳಲ್ಲಿ ಇನ್ನೂ ಸೋಮಾರಿಯಾದೆ. "ನೀನೇ ಬರ್ಕೊಂಡು ಬಾಪ್ಪಾ, ಸೈನ್ ಹಾಕ್ತೀನಿ." ಒಬ್ಬ ಬುದ್ಧಿವಂತ ತನ್ನನ್ನು ನನ್ನ ನಲವತ್ತು ವರ್ಷದ ಬೋಧನೆಯಲ್ಲೇ ಅತ್ಯುತ್ತಮ ವಿದ್ಯಾರ್ಥಿ ಎಂದು ಬರೆದುಕೊಂಡು ಬಂದ. ಆಗ ನನ್ನ ಸರ್ವೀಸು ಹನ್ನೆರಡು ವರ್ಷ. ಓದದೆ ಸಹಿ ಹಾಕಿದೆ.

ರಾಯರ ತಾಯಿ ಅಜ್ಜಿಗೆ ಎಂಬತ್ತಾರು. ಬೇಲಿ ಪಕ್ಕ ಸ್ಟೂಲು ಹಾಕಿಕೊಂಡು ನಮ್ಮ ಮಾತು ಕೇಳುತ್ತ ಸೊಪ್ಪು ಸೋಸುತ್ತಿರುತ್ತಾರೆ. ಅವರು ಸೇರಿಸಿರುವ ಸಂಬಂಧಗಳು ನೂರರ ಮೇಲಿವೆ. ವಿಧೇಯ ಎಂದು ಕಿವಿಗೆ ಬಿದ್ದದ್ದೇ ತಡ, "ಹುಡುಗ ತುಂಬಾ ಒಳ್ಳೆಯವನು ಅಂತ ಮಾತ್ರ ಹೇಳಿದ್ರೆ ಹೇಳೋಕೆ ಬೇರೇನೂ ಇಲ್ಲ ಅಂತ ಅರ್ಥ ಕಣೋ" ಎಂದರು. "ಎಲ್ಲಿ ಕೆಲಸ, ಎಷ್ಟು ಸಂಬಳ, ಯಾರ ಮಗನಿಗಿಂತ ವಾಸಿ, ಅದನ್ನ ಹೇಳ್ಬೇಕು."

ಅಲ್ಲಿನ ಸಮಿತಿಯವರೂ ಅಜ್ಜಿಯ ಜಾತಿಯವರೇ. ವಿಧೇಯತೆ ಅವರಿಗೆ ಬೇಕಿಲ್ಲ. ಹಿಂದೆ ನಿಮ್ಮಿಂದ ಹೋದ ಯಾರಿಗಿಂತ ಇವಳು ಮೇಲು, ಯಾರಿಗಿಂತ ಕೆಳಗೆ, ನಿಮ್ಮ ಕಣ್ಣೆದುರು ಮಾಡಿದ್ದೇನು, ಇಷ್ಟೇ. ಅರ್ಜಿಯ ಆನ್‌ಲೈನ್ ಕಿಂಡಿಯಲ್ಲಿ ಒಂದು ಪಟ್ಟಿ ಬೇರೆ ಇರುತ್ತದೆ: ಇವಳು ತರಗತಿಯ ಮೇಲಿನ ಶೇಕಡಾ 1ರಲ್ಲಿದ್ದಾಳೋ, 5ರಲ್ಲೋ, 10ರಲ್ಲೋ, ಗುರುತು ಹಾಕಿ. ನಮ್ಮ ಬಿ.ಎಸ್ಸಿ. ತರಗತಿಯಲ್ಲಿ ಅರವತ್ತು ಮಕ್ಕಳು. ಶೇಕಡಾ 1 ಎಂದರೆ ಮುಕ್ಕಾಲೂ ಇಲ್ಲದ ಒಂದು ಹುಡುಗಿ! 1948ರಲ್ಲಿ ಜಾನ್ ನ್ಯಾಶ್ ಪ್ರಿನ್ಸ್‌ಟನ್‌ಗೆ ಅರ್ಜಿ ಹಾಕಿದಾಗ ಅವನ ಮೇಷ್ಟ್ರು ಡಫಿನ್ ಬರೆದದ್ದು ಮೂರ್ನಾಲ್ಕು ಸಾಲು: ಈತ ಅರ್ಜಿ ಹಾಕಿದ್ದಾನೆ, ಹತ್ತೊಂಬತ್ತು ವರ್ಷ, ಜೂನ್‌ನಲ್ಲಿ ಓದು ಮುಗಿಯುತ್ತದೆ, ಈತ ಗಣಿತದಲ್ಲಿ ಪ್ರತಿಭಾಶಾಲಿ. ಮುಗಿಯಿತು. ಅಷ್ಟು ಚಿಕ್ಕದಾಗಿ ಬರೆಯಬೇಕಾದರೆ ಬರೆಯುವವನ ಮಾತಿಗೆ ಅಷ್ಟು ತೂಕ ಇರಬೇಕು. ನನ್ನ ಹತ್ತಿರ ಕಾಲೇಜಿನ ಇಮೇಲ್ ಕೂಡ ಇಲ್ಲ, ನಿವೃತ್ತಿಯ ದಿನ ಶಾಲು ಹೊದಿಸಿ ಅದನ್ನು ಕಿತ್ತುಕೊಂಡರು. ಜಿಮೇಲ್ ವಿಳಾಸ ಕೊಟ್ಟರೆ ಹತ್ತು ಕಿಂಡಿಗಳಲ್ಲಿ ನಾಲ್ಕು ನೀವು ಯಾರು ಎಂದು ಮತ್ತೆ ಕೇಳಿದವು.

ಅಜ್ಜಿ ಇನ್ನೊಂದು ಪ್ರಶ್ನೆ ಎಸೆದರು. "ಅಲ್ಲಿ ಹೇಳ್ಕೊಡೋರ ಗೋತ್ರ ಯಾವುದು?" ಎಲ್ಲರೂ ನಕ್ಕರು, ನಾನು ನಗಲಿಲ್ಲ. ಗಣಿತದವರಿಗೆ ಗೋತ್ರ ಪ್ರವರ ಉಂಟು. ಯಾರ ಕೈಕೆಳಗೆ ಯಾರು ಪಿಎಚ್.ಡಿ. ಮಾಡಿದರು, ಅವರ ಗುರು ಯಾರು, ಗುರುವಿನ ಗುರು ಯಾರು ಎಂದು ವಂಶಾವಳಿ ಬರೆದಿಡುವ ಕೆಲಸ ಅಮೆರಿಕದ ನಾರ್ತ್ ಡಕೋಟದಲ್ಲಿ ನಡೆಯುತ್ತದೆ. ಹಿಂದೆ ಹಿಂದೆ ಹೋದರೆ ಗೌಸ್, ಆಯ್ಲರ್ ಎಂಬ ಮೂಲ ಋಷಿಗಳು ಸಿಗುತ್ತಾರೆ. ಸಗೋತ್ರವೂ ಅಷ್ಟಾಗಿ ಆಗದು. ಓದಿದ ಕಡೆಯೇ ಪಿಎಚ್.ಡಿ. ಮಾಡಬೇಡ, ಬೇರೆ ಮನೆಗೆ ಹೋಗು ಎಂದು ಹಿರಿಯರು ಹೇಳುತ್ತಾರೆ. ಪಿಎಚ್.ಡಿ. ಮಾಡಿದ ಮನೆಯವರೇ ಕೆಲಸ ಕೊಡುವುದೂ ಅಪರೂಪ. ಅಜ್ಜಿಗೆ ಅಮೆರಿಕದ ಮೇಲೆ ಮೊದಲ ಸಲ ಗೌರವ ಬಂತು.

ಗೌರವ ಉಳಿಯಲಿಲ್ಲ, ತಾರೀಖು ಅಡ್ಡ ಬಂತು. ಬಹಳಷ್ಟು ಕಡೆ ಕೊನೆಯ ದಿನ ಡಿಸೆಂಬರ್ 15. ಮಾರನೆಯ ದಿನ ನಮಗೆ ಧನುರ್ಮಾಸ ಶುರು, ಶುಭಕಾರ್ಯ ವರ್ಜ್ಯ. "ಮೊದಲೇ ಹಾಕಿ ಮುಗಿಸು" ಎಂದು ಅಜ್ಜಿಯ ಅಪ್ಪಣೆ. ಆದರೆ ಪತ್ರ ಬರೆಯುವ ಮೇಷ್ಟ್ರುಗಳನ್ನು ಬಲ್ಲವರಿಗೆ ಗೊತ್ತು, ಕೊನೆಯ ದಿನದ ಕೊನೆಯ ಗಂಟೆಗೆ ಮೊದಲು ಅವರಿಗೆ ಕೈ ಬರುವುದಿಲ್ಲ. ನಾನು ದಿನಾ ಸಂಜೆ ಕಂಪ್ಯೂಟರ್ ಮುಂದೆ ಕೂತು 'ಶ್ರದ್ಧಾವಂತೆ' ಎಂದು ಬರೆದು ಅಳಿಸುತ್ತಿದ್ದೆ.

ಪುಟ್ಟಿಯ ಬಗ್ಗೆ ನನಗೆ ಗೊತ್ತಿದ್ದದ್ದು ಏನು? ಹುಟ್ಟಿದಾಗಿನಿಂದ ನೋಡಿದ್ದೇನೆ, ಮೂರು ವರ್ಷ ಪಾಠ ಹೇಳಿದ್ದೇನೆ, ಅಂಕ ಗೊತ್ತು. ಅಂಕ ಅಂಕಪಟ್ಟಿಯಲ್ಲೇ ಇದೆ.

ಹದಿನೈದರ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಐದಕ್ಕೆ ಗೇಟಿನ ಹತ್ತಿರ ಹೋದರೆ, ಧನುರ್ಮಾಸದ ಮೊದಲ ದಿನವೆಂದು ಅಜ್ಜಿ ಆಗಲೇ ಸೊಸೆಯಿಂದ ನೀರು ಚಿಮುಕಿಸಿಕೊಂಡು, ತಾವೇ ಬಗ್ಗಿ ಚುಕ್ಕಿ ಇಡುತ್ತಿದ್ದರು. ಅಂಗಡಿಯ ಅಚ್ಚಿನ ರಂಗೋಲಿಯಲ್ಲ, ಚುಕ್ಕಿಗಳನ್ನು ಸುತ್ತಿ ಸುತ್ತಿ ಬರುವ ಎಳೆ ರಂಗೋಲಿ. ಅಲ್ಲೇ ನೆನಪಾಯಿತು.

ಪುಟ್ಟಿ ಏಳನೇ ಕ್ಲಾಸಿನಲ್ಲಿದ್ದಾಗ ಇದೇ ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದ್ದಳು. "ಅಂಕಲ್, ಮೂರು ಸಾಲು ನಾಲ್ಕು ಚುಕ್ಕಿ ಇಟ್ರೆ ಒಂದೇ ಎಳೆ ಎಲ್ಲಾನೂ ಸುತ್ಕೊಂಡು ಬಂದು ಶುರುವಾದ ಕಡೇನೇ ಸೇರತ್ತೆ. ನಾಲ್ಕು ನಾಲ್ಕು ಇಟ್ರೆ ನಾಲ್ಕು ಬೇರೆ ಬೇರೆ ಎಳೆ ಬೇಕು. ನಾಲ್ಕು ಆರಕ್ಕೆ ಎರಡು. ಯಾಕೆ?" ನನಗೆ ಮೌಲ್ಯಮಾಪನಕ್ಕೆ ಹೊತ್ತಾಗಿತ್ತು. "ಅದು ಪರೀಕ್ಷೆಗೆ ಬರಲ್ಲ ಪುಟ್ಟಿ" ಎಂದು ಸ್ಕೂಟರ್ ಒದ್ದೆ. ಒಂದು ವಾರ ಬಿಟ್ಟು ಬೇಲಿ ಮೇಲಿಂದ ತಲೆ ಹಾಕಿ, "ಅದು ಮಸಾಅ ಅಂಕಲ್" ಎಂದಳು. ಮಹತ್ತಮ ಸಾಮಾನ್ಯ ಅಪವರ್ತಕ. ಎರಡು ಸಂಖ್ಯೆಗಳ ಮಸಾಅ ಎಷ್ಟೋ ಅಷ್ಟು ಎಳೆ.

ಬಿ.ಎಸ್ಸಿ. ಎರಡನೇ ವರ್ಷ ನಾನು ಮಸಾಅ ಹುಡುಕುವ ಯೂಕ್ಲಿಡನ ಕ್ರಮ ಪಾಠ ಮಾಡಿದ ದಿನ ಬೆಲ್ಲು ಹೊಡೆದ ಮೇಲೂ ಅವಳು ಹೋಗಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ನಾಲ್ಕು ಆರರ ರಂಗೋಲಿ ಬರೆದಳು. ಒಂದು ತುದಿಯ ನಾಲ್ಕು ನಾಲ್ಕರ ಚೌಕ ತೋರಿಸಿ, ಇದರೊಳಕ್ಕೆ ಹೊಕ್ಕ ಎಳೆ ಸುತ್ತಾಡಿ ಹೊಕ್ಕ ಜಾಗದಲ್ಲೇ ಹೊರಬೀಳುತ್ತದೆ, ಗೋಡೆಗೆ ತಾಗಿ ತಿರುಗಿದ ಹಾಗೆ, ಆದ್ದರಿಂದ ಈ ಚೌಕ ಕತ್ತರಿಸಿ ಬಿಸಾಡಿದರೂ ಎಳೆಗಳ ಲೆಕ್ಕ ಬದಲಾಗದು ಎಂದಳು. ಉಳಿದದ್ದು ನಾಲ್ಕು ಎರಡು. ಅದರಿಂದ ಎರಡೆರಡರ ಚೌಕ ಕಿತ್ತರೆ ಎರಡು ಎರಡು. ಎಳೆ ಎರಡು. "ಇದು ನೀವು ಈಗ ಮಾಡಿದ್ದೇ ಅಲ್ವಾ ಸಾರ್?" ಅಂಗೋಲದ ಜನ ಮರಳಿನ ಮೇಲೆ ಬಿಡಿಸುವ ಇಂಥವೇ ಎಳೆಗಳ ಬಗ್ಗೆ ಪೌಲಸ್ ಗೆರ್ಡೆಸ್ ಎಂಬ ಗಣಿತಜ್ಞ ಪುಸ್ತಕಗಳನ್ನೇ ಬರೆದಿದ್ದಾನೆ ಎಂದು ನನಗೆ ತಿಳಿದದ್ದು ಎಷ್ಟೋ ಆಮೇಲೆ. ಅವಳಿಗೂ ಅದು ಗೊತ್ತಿರಲಿಲ್ಲ. ನಾನು ಆವತ್ತು, ಚೆನ್ನಾಗಿದೆ, ನಾಲ್ಕನೇ ಯೂನಿಟ್ ಮುಗಿಸಬೇಕು ನೋಡು ಎಂದು ಹಲಗೆ ಒರೆಸಿದೆ. ಡಸ್ಟರಿನ ಪುಡಿ ಕೈಗೆ ಮೆತ್ತಿದ್ದು ಈಗಲೂ ನೆನಪಿದೆ.

ಒಳಗೆ ಹೋಗಿ ಇಷ್ಟನ್ನೂ ಹೀಗೇ ಬರೆದೆ. ಚಿತ್ರ ಸಮೇತ. ಎರಡು ಸಲ ಅಲಕ್ಷ್ಯ ಮಾಡಿದೆನೆಂಬುದನ್ನೂ ಬರೆದೆ. ಶ್ರದ್ಧೆ, ವಿಧೇಯತೆ ಎಲ್ಲೂ ಬರಲಿಲ್ಲ. ಅಮೆರಿಕದ ಪೂರ್ವ ತೀರದಲ್ಲಿ ಹದಿನೈದರ ರಾತ್ರಿ 11:59 ಎಂದರೆ ನಮಗೆ ಹದಿನಾರರ ಬೆಳಿಗ್ಗೆ 10:29. ಹತ್ತನೆಯ ಕಿಂಡಿಯ ಗುಂಡಿ ಒತ್ತಿದಾಗ ಹತ್ತು ಗಂಟೆ ಇಪ್ಪತ್ತು ನಿಮಿಷ. "ಅಲ್ಲಿ ಇನ್ನೂ ಹದಿನೈದೇ" ಎಂದು ಪುಟ್ಟಿ ಅಜ್ಜಿಗೆ ಪಂಚಾಂಗ ಸಮಜಾಯಿಷಿ ಕೊಡುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು. ಅಮೆರಿಕದವರು ಉತ್ತರ ಹೇಳುವುದು ಮಾರ್ಚಿಗೋ, ಏಪ್ರಿಲ್ 15ರೊಳಗೋ. ಧನಸಹಾಯದ ಆಹ್ವಾನ ಬಂದವರು ಒಪ್ಪಿಗೆ ಹೇಳಲು ಆ ತಾರೀಖಿನವರೆಗೆ ಬಿಡುವುದು ಅಲ್ಲಿನ ವಿಶ್ವವಿದ್ಯಾಲಯಗಳ ನಡುವಿನ ಒಡಂಬಡಿಕೆ. ಯುಗಾದಿ ಕಳೆದಿರುತ್ತದೆ ಎಂದು ರಾಯರು ಸಮಾಧಾನಪಟ್ಟರು.

ಬೇಲಿಯ ಹತ್ತಿರ ಹೋದೆ. "ಏನು ಬರೆದೆಯಪ್ಪಾ ಕೊನೆಗೆ?" ಎಂದರು ಅಜ್ಜಿ.

"ನಿಮ್ಮ ರಂಗೋಲಿ ವಿಷಯ ಅಜ್ಜಿ. ಎಷ್ಟು ಚುಕ್ಕಿಗೆ ಎಷ್ಟು ಎಳೆ ಅನ್ನೋದನ್ನ ಪುಟ್ಟಿ ಕಂಡುಹಿಡಿದದ್ದು."

ಅಜ್ಜಿ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಆರು ಒಂಬತ್ತು ಇಟ್ಟರೆ ಮೂರು ಎಳೆ ಆಗತ್ತೆ, ಒಂದರಲ್ಲೇ ಮುಗೀಬೇಕಾದ್ರೆ ಐದು ಒಂಬತ್ತು ಇಡು ಅಂತ ನಮ್ಮಮ್ಮ ನನಗೆ ತಲೆಗೆ ಮೊಟಕಿ ಹೇಳಿಕೊಟ್ಟಿದ್ದಳು. ಅವಳ ಹೆಸರು ಹಾಕಿದೀಯಾ?"

ಓಡಿಹೋಗಿ ಕಂಪ್ಯೂಟರ್ ತೆರೆದೆ. ಗಂಟೆ ಹತ್ತೂವರೆ. ಒಮ್ಮೆ ಸಲ್ಲಿಸಿದ ಪತ್ರವನ್ನು ತಿದ್ದಲು ಹತ್ತು ಕಿಂಡಿಗಳಲ್ಲಿ ಒಂದೂ ಬಿಡಲಿಲ್ಲ.